ಕಿಟಕಿ ಬದಲಿಸಿದವರಿಗೆ ಸೀಟಿಲ್ಲ

ಪೇಂಡಸೆ ಕಾಕೂ ನೋಡಿದಷ್ಟು ನಾಟಕಗಳನ್ನು ಪುಣೆಯಲ್ಲಿ ಇನ್ನೊಬ್ಬರು ನೋಡಿರಲಾರರು. ಅಷ್ಟೊಂದು ನಾಟಕ ನೋಡಿಯೂ ಒಂದೇ ಒಂದನ್ನೂ ಮೊದಲಿನಿಂದ ನೋಡದವರು ಅವರೊಬ್ಬರೇ ಇರಬೇಕು. ಪೂರ್ತಿ ಹೆಸರು ಇಂದುಮತಿ ಪೇಂಡಸೆ, ಊರಿಗೆಲ್ಲ ಕಾಕೂ, ಅಂದರೆ ಚಿಕ್ಕಮ್ಮ. ಆ ಹೆಸರಿನಿಂದ ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ಮೂವತ್ತೊಂದು ವರ್ಷ ಸದಾಶಿವ ಪೇಠೆಯ ಚಿಂತಾಮಣಿ ನಾಟ್ಯಗೃಹದ ಟಿಕೆಟ್ ಕಿಟಕಿಯಲ್ಲಿ ಕೂತವರು. ಒಳಗೆ ನಾಟಕ ಶುರುವಾಗುವ ಮೂರನೇ ಬೆಲ್ ಆಗುತ್ತಿದ್ದಂತೆ ಎದ್ದು ನಿಂತು ಕಿಟಕಿಯ ಹಲಗೆಯನ್ನು ಅರ್ಧ ಇಳಿಸುತ್ತಿದ್ದರು. ಉಳಿದರ್ಧ ತಡವಾಗಿ ಬರುವವರಿಗೆ. ತಡವಾಗಿ ಬರುವವರೆಲ್ಲ ಬಂದು, ತಡವಾದದ್ದಕ್ಕೆ ಕಾರಣ ಹೇಳಿ, ಕಾಕೂ ಅದನ್ನು ನಂಬದೆ, ಟಿಕೆಟ್ ಹರಿದು ಕೊಡುವಷ್ಟರಲ್ಲಿ ಇಂಟರ್ವಲ್ ಆಗುತ್ತಿತ್ತು. ಆಮೇಲೆ ಒಳಗೆ ಹೋಗಿ ಹಿಂದಿನ ಗೋಡೆಗೆ ಆತು ನಿಂತು ಉತ್ತರಾರ್ಧ ನೋಡುತ್ತಿದ್ದರು.

“ರಜಾ ಹಾಕಿ ಬ್ಯಾರೆ ನಾಟ್ಯಗೃಹದಾಗ ನೋಡಬಹುದಿತ್ತಲ್ರೀ ಕಾಕೂ?” ಎಂದು ನಾನೊಮ್ಮೆ ಕೇಳಿದೆ.

“ಬ್ಯಾರೆ ನಾಟ್ಯಗೃಹ? ಚಿಂತಾಮಣಿಯ ಅನ್ನ ಉಂಡು ಮಂದಿ ಮೆಟ್ಟಲಾ ಹತ್ತಲೇನು? ಸೋಲಾಪುರದಾಗ ನಡೀತದ ಅದೆಲ್ಲ.”

ನಾನು ಸೋಲಾಪುರದವನು, ಮಲ್ಲಿನಾಥ ಎಂದು ಹೆಸರು, ಮನೆಮಾತು ಕನ್ನಡ; ಇಲ್ಲಿಯ ಮರಾಠಿ ಮಾತುಗಳು ನನ್ನ ಬಾಯಲ್ಲಿ ನಮ್ಮೂರ ಕನ್ನಡವಾಗಿವೆ. ಪುಣೆಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಇಲ್ಲಿ ಯಾವ ವಾದಕ್ಕೇ ಆಗಲಿ ಕೊನೆಯ ಸಾಕ್ಷಿಯಾಗಿ ನನ್ನ ಊರನ್ನು ಎಳೆದು ತರುತ್ತಾರೆ. ಪುಣೆಯವರ ಪ್ರೀತಿಯೇ ಹಾಗೆ, ಮೊದಲು ಕಚ್ಚಿ ನೋಡುತ್ತದೆ. ಕಾಕೂ ನನ್ನನ್ನು ಮಲ್ಯಾ ಎನ್ನುತ್ತಾರೆ, ಸಿಟ್ಟು ಬಂದರೆ ನಮ್ಮೂರ ಹೊದಿಕೆಯ ಹೆಸರು ಹಿಡಿದು ಸೋಲಾಪುರಿ ಚಾದರ ಎನ್ನುತ್ತಾರೆ.

ಕಾಣದೆ ಹೋದ ಪೂರ್ವಾರ್ಧಗಳನ್ನು ಕಾಕೂ ತಾವೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದರು. ಕಥೆ ಏನು ಎಂದು ಕಿಟಕಿಯಲ್ಲಿ ಯಾರಾದರೂ ಕೇಳಿದರೆ ಆ ಸ್ವಂತ ಪೂರ್ವಾರ್ಧವನ್ನೂ ಸೇರಿಸಿ ಧೈರ್ಯವಾಗಿ ಹೇಳುತ್ತಿದ್ದರು. ‘ಪಡವೀತಲಾ ಪಾಹುಣಾ’, ಅಂದರೆ ಜಗಲಿಯ ನೆಂಟ, ಅವರಿಗೆ ಎಲ್ಲಕ್ಕಿಂತ ಮೆಚ್ಚಿನದು. ಅದರ ಉತ್ತರಾರ್ಧದಲ್ಲಿ ಅನಂತ ಎಂಬವನು ಮಾತಿಲ್ಲದೆ ಜಗಲಿಯ ಮೇಲೆ ಕೂತಿರುತ್ತಾನೆ. ಮಾಸ್ತರ ಎಂಬ ಮುದುಕ ಗಡಿಯಾರಕ್ಕೆ ಕೀ ಕೊಡುತ್ತಿರುತ್ತಾನೆ. ಕೊನೆಗೆ ಅನಂತ ಯಮುನಾ ಎಂಬವಳ ಟ್ರಂಕು ಎತ್ತಿಕೊಳ್ಳುತ್ತಾನೆ, ಇಬ್ಬರೂ ಅಂಗಳ ದಾಟಿ ಹೋಗುತ್ತಾರೆ. ಅಗಲಿದ್ದ ಗಂಡ ಹೆಂಡತಿ ಒಂದಾದರಲ್ಲ ಎಂದು ಕಾಕೂ ಇನ್ನೂರು ಸಲ ಗೋಡೆಗೆ ಆತು ಅತ್ತಿದ್ದರು. ಹೊಸದಾಗಿ ಮದುವೆಯಾದ ಜೋಡಿ ಕಿಟಕಿಗೆ ಬಂದರೆ ಬೇರೆ ಟಿಕೆಟ್ಟನ್ನೇ ಕೊಡುತ್ತಿರಲಿಲ್ಲ. “ಇದನ್ನ ನೋಡ್ರಿ, ಸಂಸಾರ ಹ್ಯಾಂಗ ಮಾಡಬೇಕು ಅಂತ ತಿಳೀತದ” ಎನ್ನುತ್ತಿದ್ದರು.

ಮೂರು ವರ್ಷದ ಹಿಂದೆ ಚಿಂತಾಮಣಿಯವರು ಕಿಟಕಿ ಮುಚ್ಚಿ ಟಿಕೆಟ್ ಮಾರುವ ಕೆಲಸವನ್ನು ನಮ್ಮ ರಂಗಖಿಡಕೀ ಎಂಬ ಪುಟ್ಟ ಕಂಪನಿಗೆ ಕೊಟ್ಟರು. ಪಾತ್ರೆ ಅಂಗಡಿಯ ಮೇಲೆ ಎರಡು ಕೋಣೆ, ಆರು ಜನ; ಕಂಪ್ಯೂಟರಿನ ಕೆಲಸ ನನ್ನದು. ಮಾಲೀಕ ಕೌಸ್ತುಭ ಬಾಪಟ ಚಿಕ್ಕಂದಿನಲ್ಲಿ ಮಕ್ಕಳ ನಾಟಕಕ್ಕೆ ಕಾಕೂ ಕೈಯಿಂದಲೇ ಟಿಕೆಟ್ ಪಡೆದವನು. ಕಿಟಕಿ ಮುಚ್ಚಿಸಿದ ಪಾಪ ಸುತ್ತಿಕೊಳ್ಳಬಾರದೆಂದು ಕಾಕೂವನ್ನು ಕರೆತಂದು ಫೋನಿನ ಮುಂದೆ ಕೂರಿಸಿದ. ವೆಬ್‌ಸೈಟಿನಲ್ಲಿ ಟಿಕೆಟ್ ತೆಗೆಯಲು ಬಾರದವರು ಫೋನ್ ಮಾಡಿದರೆ ಕಾಕೂ ಮೊದಲು ಬೈದು ಆಮೇಲೆ ಹೇಳಿಕೊಡುತ್ತಿದ್ದರು. ಸುಮ್ಮನೆ ಬೈಸಿಕೊಳ್ಳಲಿಕ್ಕೆಂದೇ ಫೋನ್ ಮಾಡುವ ಹಿರಿಯರೂ ಇದ್ದರು.

ಅವರ ಮೇಜಿನ ಮೇಲೆ ಒಂದು ಫಲಕವಿತ್ತು: ‘ಒಂದರಿಂದ ನಾಲ್ಕರವರೆಗೆ ಎಬ್ಬಿಸಬಾರದು. ಬೆಂಕಿ ಬಿದ್ದರೆ ಬೆಂಕಿಗೂ ಇದನ್ನೇ ಹೇಳಿ.’ ಕಿಟಕಿಯ ಕಾಲದಲ್ಲಿ ಊರಿನ ಎಲ್ಲ ಅಂಗಡಿಗಳಂತೆ ಅದೂ ಒಂದರಿಂದ ನಾಲ್ಕು ಮುಚ್ಚಿರುತ್ತಿತ್ತು, ಕಾಕೂ ಮೇಜಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದರು. ಕಿಟಕಿ ಹೋಯಿತು, ನಿದ್ದೆ ಹೋಗಲಿಲ್ಲ.

ವೆಬ್‌ಸೈಟಿನಲ್ಲೂ ಅವರ ಒಂದು ಹಟ ನಡೆದಿತ್ತು. ಚಿಂತಾಮಣಿಯ ಕೊನೆಯ ಸಾಲಿನಲ್ಲಿ ಎಂ-ಇಪ್ಪತ್ತೆಂಟು ಎಂಬ ಸೀಟಿದೆ, ಅದರ ಮುಂದೆ ಒಂದು ಕಂಬ. ಕಿಟಕಿಯಲ್ಲಿ ಕೂತಾಗ ಆ ಮಾತು ಹೇಳದೆ ಕಾಕೂ ಆ ಸೀಟನ್ನು ಒಮ್ಮೆಯೂ ಮಾರಿರಲಿಲ್ಲ. ನಮ್ಮಲ್ಲಿಗೆ ಬಂದ ಮೊದಲ ವಾರವೇ ಜಗಳ ತೆಗೆದು ಆ ಸೀಟಿನ ಮೇಲೆ ಬರೆಸಿದರು: ‘ಇಲ್ಲಿ ಕಂಬವಿದೆ. ರಂಗ ಅರ್ಧ ಕಾಣುತ್ತದೆ. ಕಂಬಕ್ಕೆ ಅಭಿನಯ ಬರುವುದಿಲ್ಲ.’ ಅಂದಿನಿಂದ ಆ ಸೀಟು ಮಾರಾಟವಾದ ದಾಖಲೆಯೇ ಇಲ್ಲ.

ಹೀಗಿರುವಾಗ ಈ ವರ್ಷ ಚಿಂತಾಮಣಿಗೆ ಐವತ್ತು ತುಂಬಿತು. ಹದಿನೈದು ವರ್ಷದ ಹಿಂದೆ ನಿಂತುಹೋಗಿದ್ದ ‘ಪಡವೀತಲಾ ಪಾಹುಣಾ’ವನ್ನು ಹಳೆಯ ನಟರೇ, ಒಂದು ಭಾನುವಾರ ಸಂಜೆ ಐದಕ್ಕೆ, ಒಂದೇ ಒಂದು ಸಲ ಆಡುವುದೆಂದು ತೀರ್ಮಾನವಾಯಿತು. ಆಮೇಲೆ ಇಲ್ಲವೇ ಇಲ್ಲ. ಮಾಸ್ತರನ ಪಾತ್ರಧಾರಿಗೆ ಎಂಬತ್ತೊಂದು. ಸುದ್ದಿ ಕೇಳಿದ ದಿನ ಕಾಕೂ ಒಬ್ಬರನ್ನು ಬೈಯುತ್ತಿದ್ದದ್ದನ್ನು ಅರ್ಧಕ್ಕೇ ಬಿಟ್ಟು ಫೋನ್ ಕೆಳಗಿಟ್ಟರು. ಬೈಗುಳ ಅರ್ಧಕ್ಕೆ ಬಿಟ್ಟ ಕಾಕೂವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

“ಮಲ್ಯಾ, ಈ ಸಲ ಮೂರನೇ ಬೆಲ್ ನಾ ಒಳಗ ಕೂತು ಕೇಳಾಂವ್ಲೇ ಬಿಡು” ಎಂದರು. ಸಂಭ್ರಮದಲ್ಲಿ ಗಂಡಸಿನ ಹಾಗೆ ಮಾತಾಡಿಬಿಟ್ಟಿದ್ದರು, ಅದೂ ಗೊತ್ತಾಗಲಿಲ್ಲ.

ಚಿಂತಾಮಣಿಯವರು ಗೌರವದಿಂದ ಪಾಸ್ ಕಳಿಸಿದರು. ಕಾಕೂ ವಾಪಸ್ ಕಳಿಸಿದರು. “ಪಾಸಿನವರು ಮೊದಲನೇ ಅಂಕದಾಗ ಕೆಮ್ಮತಾರ. ಮೂವತ್ತೊಂದು ವರ್ಷ ಕೇಳೀನಿ. ನಾ ಎಲ್ಲರ ಗತೆ ಸರದಿಯೊಳಗ ನಿಂತು ತಗೋತೀನಿ.”

ಈಗ ಕೌಸ್ತುಭನ ಬುದ್ಧಿವಂತಿಕೆಯ ಬಗ್ಗೆ ಹೇಳಬೇಕು. ಎಂಟುನೂರ ಹನ್ನೆರಡು ಸೀಟಿಗೆ ಊರೇ ಮುಗಿಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು. ನಮ್ಮಲ್ಲಿದ್ದದ್ದು ನಾಲ್ಕು ಸರ್ವರ್. ಅದಕ್ಕೆ ಅವನು ಟಿಕೆಟ್ ಮಾರಾಟ ತೆರೆಯಲು ಮಧ್ಯಾಹ್ನ ಒಂದು ಗಂಟೆ ಆರಿಸಿದ. “ಒಂದರಿಂದ ನಾಲ್ಕು ಪುಣೆ ಮಲಗಿರ್ತದ. ಭಾರ ಬೀಳೂದುಲ್ಲ” ಎಂದ. ಇಂಥ ಲೆಕ್ಕ ಲೋಕದಲ್ಲಿ ಇನ್ನಾವ ಊರಿನವನೂ ಹಾಕಲಾರ. ನಾವೂ ಹೌದೆಂದು ತಲೆಯಾಡಿಸಿದೆವು. ಊರಿನ ಸಕಲ ಅಂಗಡಿಕಾರರೂ ಒಂದು ಗಂಟೆಗೆ ಬಾಗಿಲೆಳೆದು, ಊಟ ಮಾಡಿ, ಮಂಚದ ಮೇಲೆ ಅಡ್ಡಾಗಿ, ಎರಡೂ ಕೈ ಖಾಲಿ ಇಟ್ಟುಕೊಂಡು, ಮೊಬೈಲ್ ಎತ್ತಿಕೊಳ್ಳುತ್ತಾರೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಕೌಸ್ತುಭನದು ಒಂದು ತಪ್ಪಾದರೆ ನನ್ನದು ಇನ್ನೊಂದು. ನಾಲ್ಕು ಸರ್ವರ್‌ಗಳನ್ನು ನಾವು ನಾಲ್ಕು ಕಿಟಕಿ ಎನ್ನುತ್ತಿದ್ದೆವು. ಅವುಗಳ ಮುಂದೆ, ಬಂದವರನ್ನು ಹಂಚಿ ಕಳಿಸುವ ಯಂತ್ರ ಒಂದಿತ್ತು. ಅದಕ್ಕೆ ಪೇಶ್ವೆಯವರ ಕಾಲದ ಬಾಗಿಲುಕಾಯುವವನ ಹೆಸರಿಟ್ಟಿದ್ದೆವು, ಚೋಪದಾರ. ಅವನು ಒಬ್ಬ ಗಿರಾಕಿಯನ್ನು ಎರಡನೇ ಕಿಟಕಿಗೆ ಕಳಿಸಿದ ಎಂದರೆ ಆ ಗಿರಾಕಿ ಎಷ್ಟು ಸಲ ಒತ್ತಿದರೂ ಎರಡನೆಯದಕ್ಕೇ ಹೋಗಬೇಕು. ಏಕೆಂದರೆ ಇವನು ಯಾರು, ಯಾವ ಸೀಟು ಹಿಡಿದಿದ್ದಾನೆ ಎಂಬುದು ಆ ಕಿಟಕಿಗೆ ಮಾತ್ರ ನೆನಪಿರುತ್ತದೆ. ಇಷ್ಟು ಸರಿಯಾಗಿತ್ತು. ನಾನು ದಯಾಳುವಾಗಲು ಹೋಗಿ ಒಂದು ಮಾತು ಸೇರಿಸಿದ್ದೆ: ಕಿಟಕಿ ತೀರಾ ತುಂಬಿದರೆ ಅಲ್ಲಿರುವವರನ್ನು ಖಾಲಿ ಇರುವ ಕಿಟಕಿಗೆ ಕಳಿಸು.

ಆ ದಿನ ಕಾಕೂ ನಿದ್ದೆ ಬಿಟ್ಟು, ಕನ್ನಡಕ ಒರೆಸಿಕೊಂಡು, ಮೊಬೈಲ್ ಹಿಡಿದು ಹನ್ನೆರಡೂವರೆಗೇ ಸಿದ್ಧರಾದರು. ಒಂದು ಹೊಡೆಯಿತು. ಒಂದು ದಾಟಿ ಎರಡು ನಿಮಿಷಕ್ಕೆ “ಇ-ಹನ್ನೆರಡು! ನಟ್ಟ ನಡುವ!” ಎಂದು ಕೂಗಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾಲ್ಕನೇ ನಿಮಿಷಕ್ಕೆ ಅವರ ಧ್ವನಿ ಬದಲಾಯಿತು.

“ಮಲ್ಯಾ, ನಿನ್ನ ಪೆಟಗಿ ನನ್ನ ಹೊರಗ ಹಾಕ್ತು. ದುಡ್ಡು ಕಟ್ಟೂದರಾಗ ‘ಮೊದಲಿನಿಂದ ಆರಂಭಿಸಿ’ ಅಂತದ.”

“ಹೊರಗ ಹಾಕಿಲ್ರೀ ಕಾಕೂ. ಮೂರನೇ ಕಿಟಕಿ ತುಂಬಿತ್ತು, ನಾಕನೇದಕ್ಕ ಕಳಿಸ್ಯದ. ನಿಮಗ ಸುಲಭ ಆಗ್ಲಿ ಅಂತ.”

“ನಾಕನೇದಕ್ಕ ನನ್ನ ಪರಿಚಯ ಅದ ಏನು?”

“ಇಲ್ಲ.”

“ಮತ್ತ ಯಾವ ಸುಲಭಲೇ?”

ಅವರು ಮತ್ತೆ ಶುರುಮಾಡಿ ಎಫ್-ಒಂಬತ್ತು ಹಿಡಿದರು. ಅಷ್ಟರಲ್ಲಿ ನಾಲ್ಕನೆಯದೂ ತುಂಬಿ ಚೋಪದಾರ ಅವರನ್ನು ಒಂದನೆಯದಕ್ಕೆ ನೂಕಿದ. ಅಲ್ಲಿ ಜಿ-ಇಪ್ಪತ್ತು. ಅಲ್ಲಿಂದ ಎರಡಕ್ಕೆ. ಕಾಕೂ ಒಬ್ಬರೇ ಅಲ್ಲ, ಇಡೀ ಪುಣೆ ಹೀಗೆ ಗಿರಗಿರ ತಿರುಗತೊಡಗಿತು. ಒಂದು ಸಲ ಹಿಡಿದ ಸೀಟು ಹತ್ತು ನಿಮಿಷ ಎಲ್ಲರಿಗೂ ಕೆಂಪಾಗಿ ಕಾಣುತ್ತದೆ. ಹಿಡಿದವನು ಯಾರೆಂದು ಬಲ್ಲ ಕಿಟಕಿ ಒಂದೇ. ಹಿಡಿದವನು ಆಗಲೇ ಬೇರೆ ಕಿಟಕಿಯಲ್ಲಿ ಹೊಸ ಸೀಟು ಕೆಂಪು ಮಾಡುತ್ತಿದ್ದ. ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ನಕ್ಷೆಯಲ್ಲಿ, ಎಂ-ಇಪ್ಪತ್ತೆಂಟನ್ನು ಬಿಟ್ಟು, ಎಲ್ಲ ಸೀಟೂ ಕೆಂಪು. ಹೌಸ್‌ಫುಲ್. ಮಾರಾಟವಾದದ್ದು ಹನ್ನೊಂದು ಟಿಕೆಟ್.

ಆರೂ ಫೋನುಗಳು ಒಟ್ಟಿಗೆ ಬಡಿದುಕೊಂಡವು. ಕೌಸ್ತುಭ ಎರಡು ಕೈಯಲ್ಲಿ ಎರಡು ಫೋನ್ ಹಿಡಿದು ಇಬ್ಬರಿಗೂ ಒಂದೇ ಕ್ಷಮೆ ಕೇಳುತ್ತಿದ್ದ. ನನಗೆ ನಗು ಬರುತ್ತಿತ್ತು, ಹೆದರಿಕೆಗೂ ಅದೇ ಹೊತ್ತು ಸಿಕ್ಕಿತ್ತು.

“ಎಲ್ಲಾ ಬಂದ್ ಮಾಡಿ ಮತ್ತ ಚಾಲೂ ಮಾಡು ಮಲ್ಯಾ!” ಎಂದು ಕೌಸ್ತುಭ ಕಿರುಚಿದ.

ನಾನು ಕೈ ಚಾಚಿದ್ದೆ ಕೂಡ. ಕಾಕೂ ಬಂದು ಆ ಕೈಗೆ ಫಟ್ ಎಂದು ಹೊಡೆದರು.

“ಒಳಗ ಇದ್ದವರನ್ನ ಮುಟ್ಟಬ್ಯಾಡ! ಅರ್ಧ ದಾರಿ ಬಂದವರು ಅವರು. ಬಂದ್ ಮಾಡಿದರ ಎಲ್ಲಾರೂ ಹೊಸಬರಾಗ್ತಾರ, ಎಲ್ಲಾರೂ ಒಮ್ಮೆಲೆ ಬಾಗಿಲಿಗೆ ಬರ್ತಾರ. ಆವಾಗ ಏನ್ ಮಾಡ್ತಿ?”

“ಮತ್ತ ಏನ್ ಮಾಡಲಿ?”

“ಭಾಲೇರಾವಂದು ಕೊಡಿ ಕಥಿ ಹೇಳಿಲ್ಲೇನು ನಿನಗ?”

ಆ ಕಥೆಯನ್ನು ನಲವತ್ತು ಸಲ ಹೇಳಿದ್ದರು. ಅದು ನಮ್ಮ ಕೆಲಸದ್ದೇ ಕಥೆ ಎಂದು ನನಗೆ ಹೊಳೆದದ್ದು ಅಂದೇ. ಹಿಂದೆ ಒಂದು ಮಳೆಗಾಲ, ಚಿಂತಾಮಣಿಯಲ್ಲಿ ಎರಡು ಕಿಟಕಿ, ಒಂದರಲ್ಲಿ ಕಾಕೂ, ಇನ್ನೊಂದರಲ್ಲಿ ಭಾಲೇರಾವ್. ನಡುವೆ ಸೀಟುಗಳ ನಕ್ಷೆ. ಗಿರಾಕಿ ಸೀಟು ತೋರಿಸಿದರೆ ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುವುದು, ಟಿಕೆಟ್ ಹರಿದ ಮೇಲೆ ಕಾಟು ಹಾಕುವುದು. ಆ ದಿನ ಕಾಕೂ ಸಾಲು ಉದ್ದವಾಯಿತೆಂದು ಭಾಲೇರಾವ್ ಉಪಕಾರಕ್ಕಾಗಿ ಅಲ್ಲಿದ್ದವರನ್ನು ತನ್ನ ಕಡೆ ಕರೆದ. ಗೆರೆ ಎಳೆಸಿಕೊಂಡವರೂ ಓಡಿದರು. ಯಾರ ಗೆರೆ ಯಾರದೆಂದು ಯಾರಿಗೂ ತಿಳಿಯದೆ, ಒಂದೇ ಸೀಟಿಗೆ ಎರಡು ಕುಟುಂಬ ಕೂತು, ಒಬ್ಬ ನಿವೃತ್ತ ನ್ಯಾಯಾಧೀಶರು ಒಬ್ಬ ಸಂಸ್ಕೃತ ಪಂಡಿತರಿಗೆ ಕೊಡೆಯಿಂದ ಹೊಡೆದರು. ಮರುದಿನ ಕಾಕೂ ಫಲಕ ಬರೆದು ಹಾಕಿದರು: ‘ಕಿಟಕಿ ಬದಲಿಸಿದವರಿಗೆ ಸೀಟಿಲ್ಲ. ಸೀಟಿದ್ದವರಿಗೆ ಅವಸರವಿಲ್ಲ. ಇಬ್ಬರಿಗೂ ಎದುರುಗಡೆ ಚಹಾ ಸಿಗುತ್ತದೆ.’ ಗೆರೆ ಎಳೆದವರು ಆ ಕಿಟಕಿಯಲ್ಲೇ ಮುಗಿಸಿ ಹೋಗುವುದು, ಸಾಲು ನದಿಯ ಸೇತುವೆ ಮುಟ್ಟಿದರೂ ಸರಿ. ಹೊಸಬರಿಗೆ ರಟ್ಟಿನ ಮೇಲೆ ನಂಬರ್ ಬರೆದು ಕೊಟ್ಟು ಚಹಾಕ್ಕೆ ಕಳಿಸುವುದು. ಆಮೇಲೆ ಕೊಡೆಗಳು ಮಳೆಗೆ ಮಾತ್ರ ಬಿಚ್ಚಿದವು.

“ಕಿಟಕಿ ತುಂಬಿದರ ಒಳಗಿನವರನ್ನ ದಬ್ಬೂದಲ್ಲಲೇ ಚಾದರ” ಎಂದರು ಕಾಕೂ. “ಹೊರಗಿನವರನ್ನ ನಿಲ್ಲಿಸೂದು.”

ಚೋಪದಾರನ ನಿಯಮದಲ್ಲಿ ನಾಲ್ಕು ಸಾಲು ಬದಲಿಸಿದೆ. ಯಾವ ಕಿಟಕಿ ಎಷ್ಟೇ ತುಂಬಿರಲಿ, ಅಲ್ಲಿ ಸೀಟು ಹಿಡಿದು ಕೂತವರು ಅಲ್ಲೇ ಮುಗಿಸಲಿ. ಹೊಸದಾಗಿ ಬಂದವರು ಕಿಟಕಿಯತನಕ ಹೋಗುವುದೇ ಬೇಡ. ಚೋಪದಾರನೇ ಬಾಗಿಲಲ್ಲಿ ಒಂದು ಹಗುರವಾದ ಪುಟ ತೋರಿಸಿ ನಂಬರ್ ಕೊಡಲಿ. ಕೊಟ್ಟ ನಂಬರ್ ಆ ಮೊಬೈಲಿಗೇ ಅಂಟಿಕೊಂಡಿರಲಿ. ಒಬ್ಬ ಒಳಗಿನಿಂದ ಹೊರಬಿದ್ದರೆ ಒಬ್ಬ ಒಳಗೆ, ಐದು ನಿಮಿಷದಲ್ಲಿ ಸೀಟು ಹಿಡಿಯದಿದ್ದರೆ ನಂಬರ್ ಮುಂದಿನವರಿಗೆ.

“ಆ ಪುಟದಾಗ ಏನ್ ಬರೀಲಿ?” ಎಂದು ಕೇಳಿದೆ. “‘ತೊಂದರೆಗಾಗಿ ವಿಷಾದಿಸುತ್ತೇವೆ’ ಅಂತ?”

“ವಿಷಾದ ಯಾಕ? ನಾ ಹೇಳ್ತೀನಿ, ಬರಕೋ.”

ಕಾಕೂ ಹೇಳಿದ್ದನ್ನು ಹೇಳಿದ ಹಾಗೇ ಹಾಕಿದೆ: ‘ಒಳಗೆ ಜನ ಇದ್ದಾರೆ. ನಿಮ್ಮಷ್ಟೇ ಒಳ್ಳೆಯವರು, ನಿಮಗಿಂತ ಮೊದಲು ಬಂದವರು. ನಿಮ್ಮ ನಂಬರ್ ಕೆಳಗಿದೆ. ಪದೇಪದೇ ಒತ್ತಿದರೆ ನಂಬರ್ ಕಡಿಮೆಯಾಗುವುದಿಲ್ಲ, ಬೆರಳು ನೋಯುತ್ತದೆ. ಕಿಟಕಿ ಬದಲಿಸಿದವರಿಗೆ ಸೀಟಿಲ್ಲ.’

ಆಮೇಲೆ ಆದದ್ದನ್ನು ನೆನೆದರೆ ಈಗಲೂ ನಗು ಉಕ್ಕುತ್ತದೆ. ಕ್ಷಮೆ ಕೇಳಿದಾಗ ಉಗ್ರರಾಗಿದ್ದ ಪುಣೆಯವರು ಬೈಸಿಕೊಂಡೊಡನೆ ತಣ್ಣಗಾದರು. ಇದು ನಮ್ಮವರೇ ನಡೆಸುವ ಕಿಟಕಿ ಎಂದು ಅವರಿಗೆ ಭರವಸೆ ಬಂತು. ಒತ್ತುವುದು ನಿಂತಿತು, ಫೋನುಗಳು ಒಂದೊಂದಾಗಿ ಸುಮ್ಮನಾದವು. ಮಾರಾಟ ಹನ್ನೊಂದರಿಂದ ತೊಂಬತ್ತಕ್ಕೆ, ಇನ್ನೂರಕ್ಕೆ ಏರಿತು. ಯಾರದೂ ಅಲ್ಲದ ಕೆಂಪು ಸೀಟುಗಳು ಹತ್ತು ನಿಮಿಷ ತುಂಬಿದಂತೆ ಮತ್ತೆ ಹಸಿರಾದವು. ನಾನು ಕುರ್ಚಿಯ ಮೇಲೆ ಹತ್ತಿ ಕುಣಿದೆ, ಕೆಳಗಿನ ಪಾತ್ರೆ ಅಂಗಡಿಯವ ನಿದ್ದೆಗಣ್ಣಿನಲ್ಲಿ ಬಂದು ಬೈದು ಹೋದ.

ಅಷ್ಟರಲ್ಲಿ ಯಾರೋ ಆ ಪುಟದ ಚಿತ್ರ ತೆಗೆದು ಎಲ್ಲರಿಗೂ ಕಳಿಸಿದರು. ನಾಟಕ ಬೇಡದವರೂ ಅದನ್ನು ಓದಲು ಬರತೊಡಗಿದರು. ಎರಡು ಗಂಟೆಗೆ ಬಾಗಿಲಲ್ಲಿ ಒಂಬತ್ತು ಸಾವಿರ ಜನ! ಪುಟ ಹಗುರವಾಗಿದ್ದರಿಂದ ಚೋಪದಾರ ಬೆವರಲಿಲ್ಲ. ಕಾಕೂ ಮಾತ್ರ ಇನ್ನೊಂದು ಸಾಲು ಸೇರಿಸಲು ಹೇಳಿದರು: ‘ಈ ಸೂಚನೆ ಓದಲಿಕ್ಕೆಂದೇ ಬಂದವರು ಓದಿಯಾದ ಮೇಲೆ ಹೊರಡಬೇಕು. ಇದು ವಾಚನಾಲಯವಲ್ಲ.’ ಅದನ್ನು ಓದಲು ಇನ್ನೆರಡು ಸಾವಿರ ಜನ ಬಂದರು.

ಈ ಗಲಾಟೆಯಲ್ಲಿ ನನಗೆ ತಟ್ಟನೆ ನೆನಪಾಯಿತು. “ಕಾಕೂ, ನಿಮ್ಮ ಸೀಟು?”

ಅವರು ಮೊಬೈಲ್ ತೋರಿಸಿದರು. ನಾನು ನಿಯಮ ಬದಲಿಸಿದ ಗಳಿಗೆಯಲ್ಲಿ ಅವರು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಉರುಳುತ್ತಿದ್ದರು. ಹಾಗಾಗಿ ಹೊಸಬರ ಲೆಕ್ಕಕ್ಕೆ ಬಿದ್ದಿದ್ದರು. ಪರದೆಯ ಮೇಲೆ ಅವರದೇ ಬೈಗುಳ, ಕೆಳಗೆ ನಂಬರ್ ಮುನ್ನೂರ ಹದಿನೆಂಟು.

ನನಗೆ ನಗು ನಿಂತುಹೋಯಿತು. ನನ್ನ ದಯೆಯ ದೆಸೆಯಿಂದ ಕಳೆದುಹೋದ ಸೀಟು ಅದು. ಉಳಿದ ಸೀಟು ಸುಮಾರು ಆರುನೂರು, ಒಬ್ಬೊಬ್ಬರೂ ಎರಡೆರಡು ತೆಗೆಯುತ್ತಾರೆ. ಮುನ್ನೂರರ ಆಚೆ ಆಸೆ ಇರಲಿಲ್ಲ.

ಕೌಸ್ತುಭ ಮೆಲ್ಲಗೆ ಹೇಳಿದ, “ಕಾಕೂ, ಹಿಂದಿನ ಬಾಗಿಲಿಂದ ಒಂದ ಸೀಟು ಹಾಕಿಸ್ತೀನಿ. ಯಾರಿಗೂ ತಿಳಿಯೂದುಲ್ಲ.”

“ನನಗ ತಿಳೀತದಲ್ಲೋ” ಎಂದರು ಕಾಕೂ. “ನನ್ನ ಖಾಸಾ ಅಣ್ಣಗ ಸರದಿ ಬಿಟ್ಟು ಟಿಕೆಟ್ ಕೊಟ್ಟಿಲ್ಲ ನಾನು. ಎರಡು ವರ್ಷ ಮಾತು ಬಿಟ್ಟಿದ್ದ. ಬಂದರ ಬರ್ಲಿ, ಇಲ್ಲಂದ್ರ ಉತ್ತರಾರ್ಧ ಇದ್ದೇ ಅದ, ಗ್ವಾಡಿನೂ ಅಲ್ಲೇ ಅದ.”

ಹಾಗೆ ಹೇಳಿ ಮೊಬೈಲನ್ನು ಫಲಕದ ಪಕ್ಕದಲ್ಲಿಟ್ಟರು. ಮೇಜಿಗೆ ತಲೆಯಿಟ್ಟರು. ಗೊರಕೆ ಶುರುವಾಗಲು ಅರ್ಧ ನಿಮಿಷ ಸಾಕಾಯಿತು.

ನಾವು ಮಾತ್ರ ಕೂತಲ್ಲಿ ಕೂರಲಿಲ್ಲ. ನಂಬರ್ ಇನ್ನೂರೈವತ್ತು ಒಳಗೆ ಹೋದಾಗ ನೂರ ಇಪ್ಪತ್ತು ಸೀಟು ಉಳಿದಿತ್ತು. ಮುನ್ನೂರಕ್ಕೆ ಇಪ್ಪತ್ತೆಂಟು. ಕೌಸ್ತುಭ ತಾನು ನಂಬದ ದೇವರಿಗೆಲ್ಲ ತೆಂಗಿನಕಾಯಿ ಹೇಳಿಕೊಂಡ. ಮುನ್ನೂರ ಹತ್ತಕ್ಕೆ ಒಂಬತ್ತು. ಮುನ್ನೂರ ಹದಿನೇಳನೆಯವರು ಒಳಹೊಕ್ಕು ಮೂರು ಸೀಟಿನಲ್ಲಿ ಎರಡನ್ನು ತೆಗೆದುಕೊಂಡು ಹೊರಬಂದರು. ಮೂರು ಗಂಟೆ ಇಪ್ಪತ್ತು ನಿಮಿಷ. ಕಾಕೂ ಮೊಬೈಲ್ ಬೆಳಗಿತು: ‘ನಿಮ್ಮ ಸರದಿ. ಐದು ನಿಮಿಷ.’

ಉಳಿದದ್ದು ಎಂ-ಇಪ್ಪತ್ತೆಂಟು. ಮುನ್ನೂರ ಹದಿನೇಳು ಜನ ಕಂಬದ ಮಾತು ಓದಿ ಅದನ್ನು ಬಿಟ್ಟು ಹೋಗಿದ್ದರು. ಕಾಕೂ ಕಿಟಕಿಯ ಪ್ರಾಮಾಣಿಕತೆ ಅವರಿಗಾಗಿ ಒಂದು ಸೀಟು ಕಾದಿಟ್ಟಿತ್ತು. ಕಾಕೂ ಗೊರಕೆ ಹೊಡೆಯುತ್ತಿದ್ದರು.

“ಎಬ್ಬಿಸು” ಎಂದ ಕೌಸ್ತುಭ.

“ನೀವು ಮಾಲಕರು, ನೀವು ಎಬ್ಬಿಸ್ರಿ.”

“ನನಗ ಮಕ್ಕಳಿದ್ದಾವಲೇ!”

“ನಾನ ಒತ್ತಿಬಿಡಲೇನು?”

“ಎದ್ದ ಮ್ಯಾಲೆ ತಿಳಿದರ ಇಬ್ಬರನೂ ಕೊಲ್ತಾಳ.”

ನಾಲ್ಕು ನಿಮಿಷ. ಮೂರೂವರೆ. ಕಾಕೂ ಎಂದು ಮೆಲ್ಲಗೆ ಕರೆದೆ, ಕೆಮ್ಮಿದೆ, ಕುರ್ಚಿ ಎಳೆದೆ. ಏನೂ ಇಲ್ಲ. ಮೂರು ನಿಮಿಷ ಉಳಿದಾಗ ಏನು ತೋಚಿತೋ, ಕಿಸೆಯಿಂದ ಒಂದು ನಾಣ್ಯ ತೆಗೆದು ಅವರ ಮೇಜಿನ ಮರದ ಮೇಲೆ ಟಕ್ ಟಕ್ ಟಕ್ ಎಂದು ಮೂರು ಸಲ ಬಡಿದೆ, ಕಿಟಕಿಯಲ್ಲಿ ಗಿರಾಕಿಗಳು ಬಡಿಯುತ್ತಿದ್ದ ಹಾಗೆ.

ಕಾಕೂ ಬೆನ್ನು ನೆಟ್ಟಗಾಯಿತು. ಕಣ್ಣು ಇನ್ನೂ ಮುಚ್ಚಿತ್ತು. “ಎಷ್ಟು?” ಎಂದರು.

“ಒಂದು” ಎಂದೆ.

“ಒಂದೇ ಉಳದದ. ಎಂ-ಇಪ್ಪತ್ತೆಂಟು. ಕಂಬ ಅದ, ಮೊದಲ ಹೇಳ್ತೀನಿ, ಆಮ್ಯಾಲೆ ತಕರಾರು ನಡೆಯೂದುಲ್ಲ” ಎಂದು ಹೇಳುತ್ತ ಕಣ್ಣು ತೆರೆದರು. ಅದು ಅವರಿಗೆ ಹೇಗೆ ಗೊತ್ತಾಯಿತೋ ನನಗೆ ಇಂದಿಗೂ ತಿಳಿಯದು. ಕೊನೆಗೆ ಉಳಿಯುವುದು ಯಾವಾಗಲೂ ಅದೇ ಎಂದು ಆಮೇಲೆ ಹೇಳಿದರು.

ಮೊಬೈಲ್ ಎತ್ತಿಕೊಂಡರು. ಮೊದಲೇ ಸೀಟು ಹಿಡಿದು ದುಡ್ಡು ಕಟ್ಟುತ್ತಿದ್ದವರಿಂದ ಎರಡನೇ ಕಿಟಕಿ ಇನ್ನೂ ತುಂಬಿ ತೆವಳುತ್ತಿತ್ತು. ಪುಟ ನಿಧಾನವಾಗಿ ತೆರೆಯಿತು, ಸೀಟು ಹಿಡಿದರು, ದುಡ್ಡು ಕಟ್ಟುವ ಪುಟ ಇನ್ನೂ ನಿಧಾನವಾಗಿ ತೆರೆಯಿತು. “ದಬ್ಬತದೇನಲೇ ಮತ್ತ?” ಎಂದರು. “ಇಲ್ರೀ ಕಾಕೂ, ಇನ್ನ ದಬ್ಬೂದುಲ್ಲ” ಎಂದೆ. ಅವರು ಕನ್ನಡಕ ಮೇಲೇರಿಸಿ ಒತ್ತಿದರು. ನಲವತ್ತು ಸೆಕೆಂಡು ಉಳಿದಾಗ ಟಿಕೆಟ್ ಬಂತು. ಕೌಸ್ತುಭ ಕಾಕೂ ಕಾಲಿಗೆ ಬಿದ್ದ. ಕಾಕೂ ಅವನ ತಲೆಗೊಂದು ಮೊಟಕಿ, “ನಾಲ್ಕಕ್ಕ ಇನ್ನೂ ಅರ್ಧ ತಾಸು ಅದ” ಎಂದು ಮತ್ತೆ ಮಲಗಿದರು.

ಭಾನುವಾರ ನನಗೆ ಟಿಕೆಟ್ ಇರಲಿಲ್ಲ. ಚಿಂತಾಮಣಿಯ ಬಾಗಿಲಿನವನು ಪರಿಚಯದವನಾದ್ದರಿಂದ ತೆರೆ ಏಳುವತನಕ ಹಿಂಬಾಗಿಲ ಪರದೆಯ ಬಳಿ ನಿಂತಿದ್ದೆ. ಕಾಕೂ ನೇರಳೆ ಬಣ್ಣದ ಪೈಠಣಿ ಸೀರೆ ಉಟ್ಟು, ಮುಡಿಗೆ ಮಲ್ಲಿಗೆ ಏರಿಸಿ, ನಾಲ್ಕೂವರೆಗೇ ಬಂದು ಎಂ-ಇಪ್ಪತ್ತೆಂಟರಲ್ಲಿ ಕೂತಿದ್ದರು. ಕಂಬದ ಎಡಕ್ಕೆ ಒಮ್ಮೆ ಬಾಗಿ ನೋಡಿದರು, ಬಲಕ್ಕೆ ಒಮ್ಮೆ ಬಾಗಿ ನೋಡಿದರು. ಮೊದಲ ಬೆಲ್ ಆಯಿತು, ಎರಡನೆಯದಾಯಿತು. ದೀಪ ಮಂಕಾಯಿತು.

ಮೂರನೇ ಬೆಲ್ ಹೊಡೆಯಿತು. ಕಾಕೂ ಎದ್ದು ನಿಂತರು.

ಮೂವತ್ತೊಂದು ವರ್ಷ ಆ ಬೆಲ್‌ಗೆ ಎದ್ದ ಮೈ, ತಾನೇ ಎದ್ದುಬಿಟ್ಟಿತ್ತು. ಬಲಗೈ ಹಲಗೆ ಎಳೆಯಲೆಂದು ತಲೆಯ ಮೇಲಕ್ಕೆ ಹೋಗಿ ಗಾಳಿಯಲ್ಲಿ ತಡಕಾಡಿತು. ಅಲ್ಲಿ ಹಲಗೆ ಇರಲಿಲ್ಲ. ಪಕ್ಕದ ಸೀಟಿನ ಮುದುಕರೊಬ್ಬರು, “ಕಾಕೂ, ಕೂಡ್ರಿ, ನಿಮ್ಮ ಕಿಟಕಿ ಮುಚ್ಚಿ ಮೂರು ವರ್ಷ ಆತು” ಎಂದು ಮೆಲ್ಲಗೆ ಹೇಳಿದರು. ಕಾಕೂ ಕೂತರು. ತೆರೆ ಎದ್ದಿತು. ನಾನು ಆಚೆ ಬಂದುಬಿಟ್ಟೆ.

ಇಂಟರ್ವಲ್‌ನಲ್ಲಿ ಎರಡು ಚಹಾ ಹಿಡಿದು ಕಾಯುತ್ತಿದ್ದೆ. ಎಲ್ಲರಿಗಿಂತ ಮೊದಲು ಹೊರಬಂದವರು ಕಾಕೂ. ಸೆರಗಿನಿಂದ ಕಣ್ಣೊರೆಸುತ್ತಿದ್ದರು. ಅಳುತ್ತಿದ್ದಾರೆಂದು ಓಡಿಹೋದೆ. ಅಳುವಲ್ಲ, ಉಸಿರು ಸಿಗದಷ್ಟು ನಗು.

“ಮಲ್ಯಾ! ಅಂವಾ ಅಕೀ ಗಂಡ ಅಲ್ಲೋ!”

“ಯಾರು?”

“ಅನಂತ! ಅಂವಾ ಯಮುನಾನ ಅಣ್ಣ! ಗಂಡ ಅಂದ್ರ ಆ ಗಡಿಯಾರದ ಮಾಸ್ತರ! ಅಕೀ ಗಂಡನ ಮನೀ ಬಿಟ್ಟು ತವರಿಗೆ ಹೊಂಟಾಳೋ! ಎಷ್ಟು ಹೊಸಾ ಜೋಡಿ ಕಳಿಸೀನಿ ನಾನು! ‘ಸಂಸಾರ ಹ್ಯಾಂಗ ಮಾಡಬೇಕು ನೋಡ್ರಿ’ ಅಂತ ಹೇಳಿ ಕಳಿಸೀನೋ ಮಲ್ಯಾ, ವರ್ಷಗಟ್ಟಲೆ!”

ನಾನು ನಕ್ಕು ಗೋಡೆ ಹಿಡಿದುಕೊಂಡೆ. ಸುತ್ತಲಿನವರು ತಿರುಗಿ ನೋಡಿದರು. ಒಬ್ಬ ನಡುವಯಸ್ಸಿನವನು ಹೆಂಡತಿಗೆ ಕಾಕೂವನ್ನು ಬೆರಳು ಮಾಡಿ ತೋರಿಸುತ್ತಿದ್ದ; ಅವರಿಗೂ ಅಂದು ಟಿಕೆಟ್ ಕೊಟ್ಟವರು ಇವರೇ ಇರಬೇಕು.

“ಒಬ್ಬರಾದ್ರೂ ಹೇಳಲಿಲ್ಲೇನ್ರೀ ಕಾಕೂ?”

“ಹೊರಗ ಬರೂವಾಗ ಎಲ್ಲಾರ ಮಾರಿ ಒಂಥರಾ ಇರ್ತಿತ್ತು. ನಾ ತಿಳಕೊಂಡೆ, ಮನಸಿಗೆ ತಟ್ಟ್ಯದ ಅಂತ.”

ಮತ್ತೆ ನಗು. ಚಹಾ ಒಂದು ಗುಟುಕು ಕುಡಿದ ಮೇಲೆ ಕಾಕೂ ನಗು ತಗ್ಗಿತು. ಮುಡಿಯ ಮಲ್ಲಿಗೆ ಸರಿಮಾಡಿಕೊಂಡರು.

“ಇರಲಿ ಬಿಡ್ರಿ” ಎಂದೆ. “ಉತ್ತರಾರ್ಧ ಹ್ಯಾಂಗೂ ನಿಮಗ ಬಾಯಿಪಾಠ. ಕಂಬದ ಹಿಂದ ಕೂತು ಕುತ್ತಿಗಿ ಯಾಕ ನೋಯಿಸ್ಕೋತೀರಿ? ಇಲ್ಲೇ ಕೂತು ಮಾತಾಡೋಣು.”

ಒಳಗೆ ಮೊದಲ ಬೆಲ್ ಆಯಿತು.

“ಹುಚ್ಚ ಏನಲೇ ನೀನು? ಯಾವ ಉತ್ತರಾರ್ಧ ಬಾಯಿಪಾಠ? ಅದು ಬ್ಯಾರೆ ನಾಟಕ” ಎಂದರು ಕಾಕೂ. “ಇದನ್ನ ನಾ ಇನ್ನೂ ನೋಡೇ ಇಲ್ಲ.”

ಅರ್ಧ ಕುಡಿದ ಚಹಾವನ್ನು ನನ್ನ ಕೈಗೆ ತುರುಕಿ, ಪೈಠಣಿಯ ನೆರಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಅರವತ್ತನಾಲ್ಕು ವರ್ಷದ ಪೇಂಡಸೆ ಕಾಕೂ ತಮ್ಮ ಕಂಬದ ಕಡೆಗೆ ಓಡಿದರು.